ಐದರಿಂದ ಏಳರವರೆಗೆ ಬಾಗಿಲು ಮುಚ್ಚುವಂತಿಲ್ಲ

ಇದನ್ನು ನಿಧಾನವಾಗಿ ಓದಿ... ಅರ್ಧಕ್ಕೇ ಬಿಟ್ಟು ಫಾರ್ವರ್ಡ್ ಮಾಡುವ ನಿಮ್ಮ ಅಭ್ಯಾಸ ನನಗೆ ಗೊತ್ತು!

ದಾವಣಗೆರೆಯಲ್ಲಿ ಮುಚ್ಚಿಹೋದ ಒಂದು ಹತ್ತಿ ಗಿರಣಿ. ಅದರ ಹಿಂದೊಂದು ಓಣಿ. ಎದುರುಬದುರಾಗಿ ಹನ್ನೆರಡು ಸಣ್ಣ ಹೆಂಚಿನ ಮನೆಗಳು...

ಗಿರಣಿ ನಿಂತ ಮೇಲೆ ಕೆಲಸಗಾರರು ಒಬ್ಬೊಬ್ಬರಾಗಿ ಮನೆ ಖಾಲಿ ಮಾಡಿದರು. ಉಳಿದ ನಾಲ್ಕೈದು ಮನೆಯವರು ಹೊತ್ತು ಮುಳುಗುವ ಮೊದಲೇ ಚಿಲಕ ಹಾಕಿಕೊಳ್ಳುತ್ತಿದ್ದರು. ಅಷ್ಟು ಕುಡುಕರ ಕಾಟ. ಕೊನೆಗೆ ಅವರೂ ಹೋದರು.

ಆ ಮನೆಗಳ ಒಡತಿ ಕೊಟ್ರಮ್ಮ. ಗಂಡ ತೀರಿಕೊಂಡಿದ್ದರು, ಮಕ್ಕಳಿಲ್ಲ. ಅದೇ ಓಣಿಯ ಮೊದಲನೇ ಮನೆಯಲ್ಲಿ ಅವರ ವಾಸ.

ಹತ್ತು ವರ್ಷದ ಹಿಂದೆ ಅವರು ಮಾಡಿದ ಕೆಲಸ ನೋಡಿ ನೆಂಟರೆಲ್ಲ ನಕ್ಕರು...

ಉಳಿದ ಹನ್ನೊಂದೂ ಮನೆಗಳನ್ನು ಕಲಾವಿದರಿಗೆ ಬಾಡಿಗೆಗೆ ಕೊಟ್ಟುಬಿಟ್ಟರು!

"ನಾಟಕದವರಿಗೆ ಮನೆ ಕೊಡಲ್ಲ" ಎಂದು ಊರೆಲ್ಲ ಸಾಗಹಾಕಿದ್ದ ಕಂಪನಿ ನಟಿ ಸುಲೋಚನಾಗೆ ಒಂದು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಬೋರ್ಡ್ ಪೇಂಟರ್‌ಗೆ ಒಂದು. ಹಾರ್ಮೋನಿಯಂ ಮೇಷ್ಟ್ರಿಗೆ, ಮಣ್ಣಿನ ಗಣಪ ಮಾಡುವವರಿಗೆ...

ಬಾಡಿಗೆ ಅವರ ಕೈಗೆಟುಕುವಷ್ಟೇ. ಆದರೆ ಒಂದು ಕರಾರು.

ಸಂಜೆ ಐದರಿಂದ ಏಳರವರೆಗೆ ಯಾರೂ ಬಾಗಿಲು ಮುಚ್ಚುವಂತಿಲ್ಲ. ಅಭ್ಯಾಸವಿರಲಿ, ಕೆಲಸವಿರಲಿ, ಹೊಸ್ತಿಲ ಹತ್ತಿರ ಕೂತೇ ಮಾಡಬೇಕು.

ಯಾಕೆ ಎಂದು ಕೇಳಿದರೆ "ಗಾಳಿ ಆಡ್ಲಿ ಬಿಡ್ರಪ್ಪ" ಎಂದು ಮಾತು ಮುಗಿಸುತ್ತಿದ್ದರು.

ಮೊದಲು ಅಕ್ಕಪಕ್ಕದ ಓಣಿಯ ಮಕ್ಕಳು ಇಣುಕಿದರು... ಆಮೇಲೆ ಅವರ ತಾಯಂದಿರು. ಪೇಂಟರ್ ಸುಮ್ಮನೆ ಕೂರಲಾರದೆ ಗೋಡೆಗೆಲ್ಲ ಬಣ್ಣ ಬಳಿದ. ಇಷ್ಟು ಜನರ ಕಣ್ಣೆದುರು ಬಾಟಲಿ ತೆಗೆಯಲಾಗದೆ ಕುಡುಕರು ಜಾಗ ಬದಲಾಯಿಸಿದರು.

ಕೊನೆಗೆ ಮಂಡಕ್ಕಿ ಮೆಣಸಿನಕಾಯಿ ಗಾಡಿಯೂ ಬಂತು. ಮಂಡಕ್ಕಿ ಗಾಡಿ ಬಂದರೆ ಆ ಜಾಗಕ್ಕೆ ಜೀವ ಬಂತೆಂದೇ ಅರ್ಥ, ಬೇಕಾದರೆ ದಾವಣಗೆರೆಯವರನ್ನು ಕೇಳಿ!

ಕೊಟ್ರಮ್ಮನ ಮೈದುನನ ಮಗ ವಾಗೀಶ, ಬಿಲ್ಡರ್. ಓಣಿ ಕೆಡವಿ ಕಾಂಪ್ಲೆಕ್ಸ್ ಕಟ್ಟಬೇಕು, ದೊಡ್ಡಮ್ಮನನ್ನು ತನ್ನ ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಹೋಗಬೇಕು ಎಂಬುದು ಅವನ ಆಸೆ. ಕೆಟ್ಟವನಲ್ಲ... ಎಪ್ಪತ್ತು ದಾಟಿದ ದೊಡ್ಡಮ್ಮ ಒಬ್ಬರೇ ಇರುವುದು ಅವನಿಗೆ ನಿಜವಾಗಿಯೂ ಚಿಂತೆ.

ಒಂದು ಸಂಜೆ ಪೇಪರ್ ಹಿಡಿದುಕೊಂಡೇ ಬಂದ.

"ದೊಡ್ಡಮ್ಮ, ಈ ವಯಸ್ಸಿನಾಗೆ ಒಬ್ಬಳೇ ಇರ್ತೀಯಲ್ಲ... ನಾಳೆ ಬಿದ್ರೆ ನೋಡೋರು ಯಾರದಾರೆ? ಸಹಿ ಹಾಕು, ನಮ್ಮನೆಗೆ ಹೋಗಣ."

ಕೊಟ್ರಮ್ಮ ಮಂಡಿ ನೀವಿಕೊಂಡರು...

"ನೀ ಹೇಳೋದೂ ಸರಿ ಐತಪ್ಪ. ಈ ಮಂಡಿ ಇಟ್ಕಂಡು ನಾನಾದ್ರೂ ಎಷ್ಟು ದಿನ... ಇರು, ಕನ್ನಡಕ ತರ್ತೀನಿ."

ಅವರು ಒಳಗೆ ಹೋದರು. ಅಷ್ಟರಲ್ಲಿ ವಾಗೀಶನಿಗೆ ಫೋನ್ ಬಂತು. ಎದುರುಮನೆಯ ಹಾರ್ಮೋನಿಯಂ ಸದ್ದಿಗೆ ಏನೂ ಕೇಳಿಸದೆ, ಎದ್ದು ಬಾಗಿಲು ಮುಚ್ಚಿ ಚಿಲಕ ಹಾಕಿದ.

ಆಗ ಗಂಟೆ ಐದೂವರೆ.

ಹಾರ್ಮೋನಿಯಂ ತಟ್ಟನೆ ನಿಂತಿತು...

ಮರುಕ್ಷಣ ಬಾಗಿಲ ಮೇಲೆ ದಬದಬ ಬಡಿತ!

"ಅಮ್ಮಾ! ಏನಾತಮ್ಮ? ಬಾಗ್ಲು ತೆಗೀರಿ!"

ವಾಗೀಶ ಗಾಬರಿಯಿಂದ ಬಾಗಿಲು ತೆಗೆದರೆ... ಇಡೀ ಓಣಿಯೇ ಅಲ್ಲಿ ನಿಂತಿತ್ತು.

ಪೇಂಟರ್ ಕೈಯಲ್ಲಿ ಬ್ರಷ್ ಹಾಗೇ ಇತ್ತು. ಗಣಪ ಮಾಡುವವರ ಕೈ ಮೊಣಕೈವರೆಗೆ ಮಣ್ಣು. ಮೇಷ್ಟ್ರು ಚಪ್ಪಲಿ ಇಲ್ಲದೆ ಏದುಸಿರು ಬಿಡುತ್ತಿದ್ದರು. ಮಂಡಕ್ಕಿ ಗಾಡಿಯವನು ಒಲೆಯ ಮೇಲೆ ಎಣ್ಣೆ ಬಿಟ್ಟು ಬಂದಿದ್ದ. ಯಾರೋ ಆಗಲೇ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ್ದರು!

ಮುಖದ ಅರ್ಧಕ್ಕಷ್ಟೇ ಬಣ್ಣ ಹಚ್ಚಿದ್ದ ಸುಲೋಚನಾ ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದಳು. ಕನ್ನಡಕ ಹಿಡಿದು ಬರುತ್ತಿದ್ದ ಕೊಟ್ರಮ್ಮನನ್ನು ತಬ್ಬಿಕೊಂಡು ಅತ್ತೇಬಿಟ್ಟಳು.

"ನಿಮ್ಮ ಬಾಗ್ಲು ಮುಚ್ಚಿತ್ತಲ್ಲಮ್ಮ... ಏನೋ ಆಗೋತು ಅನ್ಕಂಡ್ವಿ!"

ವಾಗೀಶ ನಾಚಿಕೆಯಿಂದ ತಲೆ ತಗ್ಗಿಸಿದ. "ಫೋನ್ ಬಂದಿತ್ತು... ನಾನೇ ಮುಚ್ಚಿದ್ದು."

ಕೊಟ್ರಮ್ಮ ಕುರ್ಚಿಯಲ್ಲಿ ಕುಸಿದು ಕೂತರು. ಅವರ ಕಣ್ಣು ತುಂಬಿತ್ತು. ಹತ್ತು ವರ್ಷ ಯಾರಿಗೂ ಹೇಳದ ಮಾತನ್ನು ಅಂದು ಎಲ್ಲರೆದುರು ಹೇಳಿದರು.

"ನಿಮ್ಮ ದೊಡ್ಡಪ್ಪ ಹೋಗಿದ್ದು ಇದೇ ಬಾಗ್ಲ ಹಿಂದೆ, ವಾಗೀಶಿ. ನಾನು ಕೊಟ್ಟೂರಿಗೆ ಹೋಗಿದ್ದೆ. ಸಂಜೆ ಆರಕ್ಕೆ ಎದೆ ನೋವು ಬಂದೈತೆ. ಎದ್ದು ಚಿಲಕ ತೆಗಿಯಾಕೂ ಆಗದೆ ಕೆಳಗೆ ಬಿದ್ದು, ಒಳಗಿಂದನೇ ಬಾಗ್ಲು ಬಡದಾರೆ..."

"ಪಕ್ಕದ ಮನೆಯೋರಿಗೆ ಕೇಳಿಸ್ತಂತೆ. ಕುಡುಕ್ರು ಬಡಿತಾರೆ ಅಂತ ಅವರೂ ಹೊರಗೆ ಬರ್ಲಿಲ್ಲ. ಅವರದೇನು ತಪ್ಪು? ಓಣಿನೇ ಹಂಗಿತ್ತು... ಮರುದಿನ ನಾನು ಬಂದು ನೋಡಿದಾಗ..."

ಸುಲೋಚನಾ ಅವರ ಬೆನ್ನು ಸವರಿದಳು.

ಕೊಟ್ರಮ್ಮ ಕಣ್ಣೊರೆಸಿಕೊಂಡು ಕೈಚಾಚಿದರು. "ಬಿದ್ರೆ ನೋಡೋರು ಯಾರು ಅಂತ ಕೇಳಿದ್ಯಲ್ಲ ಮಗಾ... ಎಲ್ಲಿ, ಪೆನ್ನು ಕೊಡು. ಈಗಲೂ ನೀನು ಹಾಕು ಅಂದ್ರೆ ಹಾಕ್ತೀನಿ."

ವಾಗೀಶ ಪೇಪರ್‌ಗಳನ್ನು ಮಡಚಿ ಬ್ಯಾಗಿಗೆ ಹಾಕಿದ.

"ಬ್ಯಾಡ ದೊಡ್ಡಮ್ಮ... ನಮ್ಮ ಅಪಾರ್ಟ್‌ಮೆಂಟಿನಾಗೆ ಎದುರುಮನೆಯೋರ ಹೆಸರೂ ನನಗೆ ಗೊತ್ತಿಲ್ಲ."



ಆ ಸಂಜೆ ಒಂದು ಬಾಣಲೆ ಮೆಣಸಿನಕಾಯಿ ಸೀದು ಕರಿಯಾಗಿತ್ತು. ಓಣಿಯವರೆಲ್ಲರ ಜೊತೆ ಕೂತು ವಾಗೀಶ ಅದನ್ನೇ ತಿಂದ. ಮುಂದಿನ ತಿಂಗಳು ಅವನೇ ಆಳುಗಳನ್ನು ಕರೆತಂದು ಹನ್ನೆರಡೂ ಮನೆಗಳ ಹೆಂಚು ರಿಪೇರಿ ಮಾಡಿಸಿದ.

ಆದರೆ ಆ ಸಂಜೆಯೇ, ಹೊರಡುವಾಗ ಅಭ್ಯಾಸಬಲದಿಂದ ಬಾಗಿಲು ಎಳೆದುಕೊಳ್ಳಲು ಹೋದವನು ಕೈ ಹಿಂದಕ್ಕೆ ತೆಗೆದುಕೊಂಡ... ಏಳು ಗಂಟೆಗೆ ಇನ್ನೂ ಹತ್ತು ನಿಮಿಷ ಇತ್ತು.

🙏 *ಕಲಾವಿದರಿಗೆ ಒಂದು ಸೂರು ಕೊಟ್ಟು ನೋಡಿ, ಅವರು ಇಡೀ ಬೀದಿಗೆ ಜೀವ ಕೊಡುತ್ತಾರೆ.*

ಈಗ ನೀವೇ ಹೇಳಿ... ಇಂದು ಸಂಜೆ ನಿಮ್ಮ ಮನೆಯ ಬಾಗಿಲು ತೆರೆಯದೇ ಹೋದರೆ, ಕೆಲಸ ಬಿಟ್ಟು ಓಡಿ ಬರುವವರು ಯಾರು?