ಏಳನೇ ನಂಬರಿನವರು

"ಈ ಏಳನೇ ನಂಬರಿನವರು ಎಲ್ಲಿದ್ದಾರೆ? ನಾನು ಈಗಲೇ ಅವರ ಹತ್ತಿರ ಮಾತಾಡ್ಬೇಕು."

ಸಂಜೆ ತರಗತಿಗೆ ಇನ್ನೂ ಅರ್ಧ ಗಂಟೆ ಇತ್ತು. ಮನೋವಿಜ್ಞಾನ ವಿಭಾಗದ ಮೇಡಂ ಒಂದೇ ಒಂದು ಪ್ರಶ್ನಾವಳಿಯನ್ನು ಎದುರಿಗಿಟ್ಟುಕೊಂಡು ಕೂತಿದ್ದರು. ಬಾಗಿಲಲ್ಲಿ ನಿಂತಿದ್ದ ಲಿಫ್ಟ್ ಮೆಕ್ಯಾನಿಕ್‌ನ ಉಗುರುಗಳಲ್ಲಿ ಗ್ರೀಸ್ ಇನ್ನೂ ಹೋಗಿರಲಿಲ್ಲ. ನಲವತ್ತು ದಾಟಿದ ಮೇಲೆ ಮಾನಸಿಕ ಆರೋಗ್ಯದಲ್ಲಿ ಎಂ.ಎಸ್ಸಿ. ಓದಲು ಸೇರಿದವನು. 'ಲಿಫ್ಟ್ ರಿಪೇರಿ ಸಾಕಾಯ್ತಾ, ಈಗ ತಲೆ ರಿಪೇರಿಗೆ ಹೊರಟೆಯಾ?' ಎಂದು ಜೊತೆಗಾರರು ಛೇಡಿಸಿದರೆ ನಕ್ಕು ಸುಮ್ಮನಾಗುತ್ತಿದ್ದ. ಈಗ ನಗು ಬರಲಿಲ್ಲ.

"ಹೊಲಿಗೆ ಕೆಲಸದ ಹೆಂಗಸು, ಮೂವತ್ತಾರು ವರ್ಷ ಅಂತ ಬರೆದಿದ್ದೀರಿ. ಈ ಸಾಲು ನೋಡಿ, 'ನಾನಿಲ್ಲದಿದ್ದರೆ ಮನೆಯವರಿಗೆ ಹಗುರ ಅನ್ನಿಸುತ್ತದೆ.' ಆಗಾಗ ಅನ್ನೋ ಕಡೆ ಗುರುತಿದೆ. ಇಂಥದ್ದು ಬಂದ್ರೆ ಅವತ್ತೇ ತಿಳಿಸ್ಬೇಕು ಅಂತ ಮೊದಲ ವಾರದಲ್ಲೇ ಹೇಳಿದ್ದೆನಲ್ಲ? ಫೋನ್ ನಂಬರ್ ಕೊಡಿ."

"ಮೇಡಂ, ಅವರು... ಇಲ್ಲ."

"ಇಲ್ಲ ಅಂದ್ರೆ?" ಮೇಡಂ ಎದ್ದೇಬಿಟ್ಟರು.

"ಅಯ್ಯೋ, ಹಾಗಲ್ಲ ಮೇಡಂ! ಅಂಥ ಹೆಂಗಸೇ ಇಲ್ಲ. ನಾನೇ ಬರೆದದ್ದು."

ಪ್ರಾಯೋಗಿಕ ಪರೀಕ್ಷೆಗೆ ಹತ್ತು ಜನರನ್ನು ಮಾತಾಡಿಸಿ ಪ್ರಶ್ನಾವಳಿ ತುಂಬಿಸಿ ತರಬೇಕಿತ್ತು. ಹೆಸರು ಬರೆಯುವಂತಿಲ್ಲ, ನಂಬರು, ವಯಸ್ಸು, ಕೆಲಸ ಮಾತ್ರ. ಏಳನೆಯವರು ಬರುತ್ತೇನೆಂದು ಹೇಳಿ ಕೈಕೊಟ್ಟಿದ್ದರು. ಒಪ್ಪಿಸುವ ದಿನ ಬೇರೆ ಬಂದುಬಿಟ್ಟಿತ್ತು. ಸುಳ್ಳು ಹಾಳೆ ಕೊಟ್ಟವರನ್ನು ಕೋರ್ಸಿನಿಂದ ತೆಗೆದುಹಾಕುತ್ತಾರೆಂದು ನೋಟಿಸ್ ಬೋರ್ಡಿನಲ್ಲೇ ಇತ್ತು. ಎರಡು ವರ್ಷದ ಸಂಜೆಗಳೆಲ್ಲ ಹೋದವು ಎಂದುಕೊಂಡು ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ಉತ್ತರಗಳನ್ನೂ ಊಹೆ ಮಾಡಿ ಹಾಕಿದ್ರಾ?"

"ಹಾಗೇ ಮಾಡೋಣ ಅಂತ ಕೂತೆ. ಮೊದಲನೇದಕ್ಕೇ ಕೈ ಬರಲಿಲ್ಲ. ಬಾಯಿಗೆ ಬಂದದ್ದು ಹಾಕಿದ್ರೆ ನಿಮ್ಮ ಲೆಕ್ಕಾಚಾರ ಎಲ್ಲ ತಪ್ಪಾಗುತ್ತಲ್ಲ ಅಂತ..." ಅವನು ಮೇಜಿನ ಮೇಲಿದ್ದ ಹಾಳೆಯತ್ತ ಕೈ ತೋರಿಸಿದ. "ವಯಸ್ಸು, ಕೆಲಸ ಅಷ್ಟೇ ಸುಳ್ಳು ಮೇಡಂ. ಮಿಕ್ಕಿದ್ದೆಲ್ಲ ನಂದೇ."

ಮೇಡಂ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು.

"ಸದ್ಯ, ನೀವಾ! ಆ ಹೆಂಗಸು ಯಾವ ಬೀದೀಲಿ, ಯಾವ ಅಂಗಡೀಲಿ ಕೂತಿದ್ದಾರೋ ಅಂತ ಮಧ್ಯಾಹ್ನದಿಂದ ಒಂದು ತುತ್ತು ಗಂಟಲಲ್ಲಿ ಇಳಿದಿಲ್ಲ ನನಗೆ. ಕಣ್ಣೆದುರಿಗೇ ಇದ್ದೀರಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದರು, "ಈಗ ಹೇಗಿದೆ? ಏನಾದ್ರೂ ಮಾಡ್ಕೊಳ್ಳೋ ಯೋಚನೆ ಇದೆಯಾ?"

ಒಂಬತ್ತು ಜನರಿಗೆ ಅವನು ಕೇಳಿದ್ದ ಪ್ರಶ್ನೆ. ಅವನನ್ನು ಯಾರೂ ಕೇಳಿರಲಿಲ್ಲ.

"ಇಲ್ಲ ಮೇಡಂ. ಅಷ್ಟು ದೂರ ಹೋಗಿಲ್ಲ. ಮಲಗಿದ್ರೆ ನಿದ್ದೆ ಬರಲ್ಲ. ಎಲ್ಲರಿಗೂ ಭಾರ ಆಗಿದ್ದೀನಿ ಅನ್ಸುತ್ತೆ." ಮತ್ತೆ ಮೆಲ್ಲಗೆ, "ನನ್ನ ಸೀಟು...?" ಎಂದ.

"ನೀವೇ ಒಪ್ಪಿಕೊಂಡಿದ್ದೀರಿ, ಸೀಟು ಎಲ್ಲೂ ಹೋಗಲ್ಲ. ಈ ಹಾಳೆ ನಡೆಯೋದಿಲ್ಲ, ಹದಿನೈದು ದಿನದಲ್ಲಿ ಬೇರೆಯವರನ್ನ ಮಾತಾಡಿಸಿ ತನ್ನಿ. ಯಾಕೆ ಹೀಗೆ ಮಾಡಿದ್ರಿ ಅಂತ ಒಂದು ಪುಟ ಬರೆದುಕೊಡಿ. ಬೈಯೋದು ಬಾಕಿ ಇದೆ, ಅದು ಆಮೇಲೆ. ನಾನು ಪಾಠ ಹೇಳೋಳು, ನಿಮ್ಮನ್ನ ನಾನೇ ನೋಡೋ ಹಾಗಿಲ್ಲ. ಕೆಳಗಡೆ ನಮ್ಮ ಹಿರಿಯ ಸಮಾಲೋಚಕರಿದ್ದಾರೆ, ಈಗಲೇ ಹೋಗಿ. ಇವತ್ತಿನ ಕ್ಲಾಸಿಗೆ ಗೈರುಹಾಜರಿ ಹಾಕ್ತೀನಿ, ಅದರಲ್ಲೂ ಸುಳ್ಳು ಬೇಡ."

ಮೆಟ್ಟಿಲಿಳಿಯುತ್ತಾ ಅವನು ಹೆಂಡತಿಗೆ ಫೋನ್ ಮಾಡಿದ. "ಇವತ್ತು ಬರೋದು ಸ್ವಲ್ಪ ತಡ ಆಗುತ್ತೆ. ಸಮಾಲೋಚಕರ ಹತ್ತಿರ ಹೋಗ್ತಿದ್ದೀನಿ."

"ಮತ್ತೆ ಯಾರದೋ ಕಷ್ಟ ಕೇಳ್ಬೇಕಾ?"

"ಅಲ್ಲ. ನಂದು ಹೇಳ್ಬೇಕು."

ಆ ಕಡೆ ಕುಕ್ಕರ್ ಕೂಗುವುದು ಕೇಳಿಸಿತು. ಅವಳು ಒಲೆ ಆರಿಸಿದಳು.

"ಹೇಳಿ. ಪೂರ್ತಿ ಹೇಳಿ. ನಾಲ್ಕು ತಿಂಗಳಿಂದ ನಾನು ಕೇಳಿದ್ರೆ ಬರೀ ಸುಸ್ತು ಅಂತಿದ್ರಲ್ಲ, ಹಾಗೆ ಅವರಿಗೂ ಹೇಳಿ ಎದ್ದುಬಂದೀರಿ ಮತ್ತೆ." ಆಮೇಲೆ ಮೆತ್ತಗೆ ಅಂದಳು, "ಎಷ್ಟು ತಡ ಆದ್ರೂ ಆಗ್ಲಿ. ನಾನು ಊಟ ಮಾಡದೆ ಕಾಯ್ತಿರ್ತೀನಿ."

ಒಂಬತ್ತು ಜನರನ್ನೂ ಅವನು ಮಾತಾಡಿಸಿದ್ದು ಕೆಳಗೆ ಸಮಾಲೋಚಕರ ಇದೇ ಕೋಣೆಯಲ್ಲಿ, ಎದುರು ಗೋಡೆಯ ಗಡಿಯಾರದ ಮೇಲೆ ಒಂದು ಕಣ್ಣಿಟ್ಟು. ಅಭ್ಯಾಸಬಲದಿಂದ ಸೀದಾ ಹೋಗಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ನರೆತ ತಲೆಯ ಸಮಾಲೋಚಕರು ಅವನ ಮುಂದೆ ನಿಂತು ಕನ್ನಡಕ ಸರಿಪಡಿಸಿಕೊಂಡರು.

"ಅದು ನನ್ನ ಕುರ್ಚಿ ಅಪ್ಪಾ."

ಅವನು ನಾಚಿಕೊಂಡು ಎದ್ದು, ಎದುರಿನ ಕುರ್ಚಿಗೆ ಹೋಗಿ ಕೂತ. ಗಡಿಯಾರ ಈಗ ಬೆನ್ನ ಹಿಂದಿತ್ತು. ಹೊತ್ತು ನೋಡುವ ಕೆಲಸ ಇನ್ನೊಬ್ಬರದಾಗಿತ್ತು.