ಕವುಚಿಟ್ಟ ಲೋಟ

ಮುಂದಾಲೋಚನೆಯನ್ನೆಲ್ಲ ಯಂತ್ರಗಳಿಗೆ ಬಿಟ್ಟಿದ್ದ ಕಾಲ ಅದು. ಗಿರಣಿ ಕೆಲಸ ಕೇಳಿ ಬಂದವರ ಮುಂದೆ ಲೋಟವೊಂದನ್ನು ಕವುಚಿಟ್ಟು, ಎತ್ತಿ ನೀರು ತುಂಬಿಸಲು ಹೇಳುತ್ತಿದ್ದರು. ಮೊದಲೇ ಕೈ ತಿರುವಿ, ಹೆಬ್ಬೆರಳು ಕೆಳಗೆ ಮಾಡಿ ಹಿಡಿದವರು ಮುಂದಿನದನ್ನು ಯೋಚಿಸುವವರು. ಅಂಥವರ ಮಣಿಕಟ್ಟು ಮತ್ತೆಂದೂ ತಿರುಗದಂತೆ ಅಲ್ಲೇ ಸುತ್ತಿಗೆಯಿಂದ ಕಬ್ಬಿಣದ ಸರಳು ಹೊಡೆದು ಕಳಿಸುತ್ತಿದ್ದರು.

ಬಾಳವ್ವ ಮಗಳು ಕಸ್ತೂರಿಯನ್ನು ಲಟ್ಟಣಿಗೆಯಿಂದ ಹೊಡೆದು ಹೊಡೆದು ಪಳಗಿಸಿದ್ದಳು. ಇಂದು ಕಸ್ತೂರಿ ತಪ್ಪಲಿಲ್ಲ. ಹೆಬ್ಬೆರಳು ಮೇಲಿಟ್ಟೇ ಹಿಡಿದಳು. ಲೋಟ ಮಗುಚುವಾಗ ಮೊಣಕೈ ಕಿವಿಯ ಮಟ್ಟಕ್ಕೆ ಸೊಟ್ಟಗೆ ಎದ್ದಿತು, ಸುರಿದ ನೀರೆಲ್ಲ ಚೆಲ್ಲಿ ಕುಪ್ಪಸ ತೊಯ್ದುಹೋಯಿತು.

“ಭೇಷ್! ದಡ್ಡ ಕೈ,” ಎಂದ ಪರೀಕ್ಷೆ ನಡೆಸುತ್ತಿದ್ದ ಸಾಹೇಬ. “ನಾಳಿಂದ ಬಾರವ್ವಾ ಕೆಲಸಕ್ಕ.”

ಬಾಳವ್ವನಿಗೆ ಹೋದ ಜೀವ ಬಂದಂತಾಯಿತು. ಚೀಲದಿಂದ ಒಣ ಕುಪ್ಪಸವೊಂದನ್ನು ತೆಗೆದು ಮಗಳಿಗೆ ಕೊಟ್ಟಳು. “ತಗೋ, ಹಸೀದು ಬಿಚ್ಚಿ ಇದನ್ನ ಹಾಕ್ಕೋ. ಥಂಡಿ ಆದೀತು.”

ಸಾಹೇಬನ ನಗು ಅಲ್ಲೇ ನಿಂತಿತು.

“ಮಗಳು ತೋಯ್ತಾಳಂತ ಮನ್ಯಾಗಿದ್ದಾಗನ ಗೊತ್ತಿತ್ತೇನವ್ವಾ ನಿನಗ?”

ಬಾಳವ್ವ ಮಗಳ ಕೈಯಿಂದ ಕುಪ್ಪಸ ಕಿತ್ತು ಮತ್ತೆ ಚೀಲಕ್ಕೆ ತುರುಕಿದಳು.

“ಹಂಗಾರ ಇದು ಕಲಿಸಿದ ಕೈ,” ಎಂದ ಸಾಹೇಬ.

ಸುತ್ತಿಗೆಯವನು ಎದ್ದು ಬಂದು, ಮೊದಲು ಕಸ್ತೂರಿಯ ಕೈಯನ್ನು ಹಲಗೆಯ ಮೇಲಿಟ್ಟ.