ಫ್ರೆಂಚ್ ಕೋಳಿಯ ವಿಚಾರಣೆ

ಗಿರಿಜಾಬಾಯಿ ಮೊದಲು ಮಗ ಸೌರಭನನ್ನು ಹಾಲು ತರಲು ಕಳಿಸಿದರು. ಆಮೇಲೆ ನಡುಬಾಗಿಲು ಮುಚ್ಚಿ, ಅವನು ಮದುವೆಯಾಗಬೇಕೆಂದು ಕರೆತಂದಿದ್ದ ಕಾಜಲಳ ಮುಂದೆ ತಮ್ಮ ಫೋನನ್ನು ಹಿಡಿದರು.

"ಇದು ನೀನ ಹೌದಲ್ಲ?"

ಫೋಟೋದಲ್ಲಿ ಕಾಜಲ ನಗುತ್ತಿದ್ದಳು. ಮುಂದೆ ತಟ್ಟೆಯಲ್ಲಿ ಇಡೀ ಕೋಳಿ, ಫ್ರೆಂಚ್ ಪದ್ಧತಿಯ ರೋಸ್ಟ್. ಪುಣೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ತೆಗೆಸಿಕೊಂಡದ್ದು.

ಸಾಂಗ್ಲಿಯ ಈ ಮನೆಯ ಹೊಸ್ತಿಲನ್ನು ಮೊಟ್ಟೆ ಕೂಡ ದಾಟಿರಲಿಲ್ಲ. ಅರಿಶಿನದ ವ್ಯಾಪಾರಿ ಬಾಳಪ್ಪನವರ ಹೆಂಡತಿ ಗಿರಿಜಾಬಾಯಿಯೆಂದರೆ ಪೇಟೆಯವರೆಲ್ಲ ತಗ್ಗಿ ಮಾತಾಡುತ್ತಿದ್ದರು. ಕಾಜಲಳೋ ಲಿಂಗನೂರಿನ ಕುರಿ ಸಾಕುವವರ ಮಗಳು. ಸೌರಭ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದ: ಅವ್ವ ಕೇಳಿದರೆ, ಮಾಂಸ ಬಿಟ್ಟೇನಿ ಅನ್ನು.

"ಹಳೇ ಫೋಟೋರಿ ಕಾಕೂ. ಈಗ ಬಿಟ್ಟೇನಿ."

"ಬಿಟ್ಟಿ ಏನಂತ ನಾ ಕೇಳಲಿಲ್ಲ. ಎಲ್ಲಿ ತಿಂದಿ?"

"ನೆನಪಿಲ್ರಿ."

"ಸುಳ್ಳು." ಗಿರಿಜಾಬಾಯಿ ಎದುರಿಗೇ ಕುಳಿತರು. "ಪುಣೆದಾಗ ಇಂಥಾ ಹಾಟೇಲ ಭಾಳ ಅದಾವ. ಇದು ಯಾವುದು?"

ಚಹಾ ಆರುತ್ತಿತ್ತು. ಕುಡಿ ಎಂದು ಅವರು ಹೇಳಲಿಲ್ಲ.

"ಕೋರೆಗಾಂವ್ ಪಾರ್ಕ್ ಕಡೆರಿ."

"ಯಾವ ಗಲ್ಲಿ?"

ಕಾಜಲ ಹೇಳಿದಳು.

"ಎಣ್ಣಿಯಾಗ ಕರೀತಾರೇನು?"

"ಇಲ್ರಿ. ತೊಗಲಿನ ಕೆಳಗ ಬೆಣ್ಣಿ ಸವರಿ ಭಟ್ಟಿಯಾಗ ಇಡತಾರ."

"ಒಳಗ ಒಣಗಿರತೈತೇನು?"

ಕಾಜಲಳ ಕಿವಿ ಬಿಸಿಯಾದವು. ತಾನು ತಿಂದದ್ದನ್ನು ಎಳೆಎಳೆಯಾಗಿ ಬಿಡಿಸಿ ಈ ಹೆಂಗಸು ತನ್ನನ್ನು ಹಂಗಿಸುತ್ತಿದ್ದಾಳೆ. ಅವಳು ಎದ್ದು ನಿಂತಳು.

"ಒಣಗಿರೂದಿಲ್ರಿ. ರಸ ಇಳೀತೈತಿ. ಆ ರಸದಾಗ ಬಟಾಟಿ ಬೇಯತಾವ. ನಾ ಬಿಟ್ಟಿಲ್ಲ, ಬಿಡೂದೂ ಇಲ್ಲ. ಹೋದ ಐತವಾರ ಸೈತ ತಿಂದೇನಿ. ಇಂಥಾ ಸೊಸಿ ಬ್ಯಾಡಂದ್ರ ಈಗ ಹೇಳ್ರಿ, ಮಿರಜಿಗೆ ಹೋಗಿ ಪುಣೆ ಗಾಡಿ ಹಿಡೀತೇನಿ."

ಗಿರಿಜಾಬಾಯಿಯ ಮುಖ ಬಿಗಿಯಾಯಿತು. ನಡುಬಾಗಿಲ ಆಚೆ ಬಾಳಪ್ಪನವರು ಕೆಮ್ಮಿದ್ದು ಕೇಳಿಸಿತು.

"ದನಿ ಇಳಸು," ಎಂದರು. ಅಷ್ಟೇ.

ಅದೇ ಉತ್ತರವೆಂದು ತಿಳಿದು ಕಾಜಲ ಚೀಲ ಎತ್ತಿಕೊಂಡಳು. ಚಪ್ಪಲಿ ಮೆಟ್ಟುವಾಗ ಕಣ್ಣು ಮಂಜಾದವು. ಹೇಳಿಕೊಟ್ಟ ಒಂದು ಮಾತನ್ನೂ ಉಳಿಸಿಕೊಳ್ಳಲಾಗಲಿಲ್ಲ, ಸೌರಭನಿಗೆ ಯಾವ ಮುಖ ತೋರಿಸುವುದು?

ಮೆಟ್ಟಿಲಿಳಿಯುವಷ್ಟರಲ್ಲಿ ಹಿಂದಿನಿಂದ ಗಿರಿಜಾಬಾಯಿ ಬಂದು ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಒಮ್ಮೆ ಮನೆಯ ಕಡೆ ತಿರುಗಿ ನೋಡಿ, ಅವಳ ಕಿವಿಯ ಹತ್ತಿರ ಬಾಗಿದರು.

"ಮುಂದಿನ ತಿಂಗಳ ಪುಣೆಗೆ ಬರತೇನಿ, ಅಲ್ಲೇ ಕರಕೊಂಡು ಹೋಗು. ಇಷ್ಟು ವರ್ಷ ಒಬ್ಬಾಕೀನ ಕದ್ದು ಕುಂತು ತಿಂದು ಸಾಕಾಗೈತಿ."